ಕೈ ನಿಂತ ಪುಟಗಳು

ಸಿಡ್ನಿಯ ಅಂಚಿನ ಸ್ಕೋಫೀಲ್ಡ್ಸ್‌ನ ನಮ್ಮ ಬೀದಿಯಲ್ಲಿ ಅಡುಗೆಮನೆಯ ನೆಲದ ಮೇಲೆ ಕೂರುತ್ತಿದ್ದವರು ಇಬ್ಬರೇ. ಒಬ್ಬಳು ನಾನು, ಮಂಡ್ಯದವಳು. ಇನ್ನೊಬ್ಬರು ಪಕ್ಕದ ಮನೆಯ ಬಂಗಾಳಿ ಮುದುಕಿ. ಮುದುಕಿ ಅಂದದ್ದು ಕೇಳಿಸಿದ್ದರೆ ಈಳಿಗೆ ಮಣೆ ಎತ್ತಿಕೊಂಡು ಬರುತ್ತಿದ್ದರು. ಎಪ್ಪತ್ತು ದಾಟಿದ್ದರೂ ಹಲ್ಲೆಲ್ಲ ಸ್ವಂತದ್ದೇ ಇದ್ದವು, ನಾಲಿಗೆಯ ಮೊನೆಯೂ ಮೊಂಡಾಗಿರಲಿಲ್ಲ.

ಆ ಈಳಿಗೆ ಮಣೆಯನ್ನು ಅವರು ಕೋಲ್ಕತ್ತದಿಂದ ಸೀರೆಯೊಂದರಲ್ಲಿ ಸುತ್ತಿ ತಂದಿದ್ದರು. ಸಿಡ್ನಿ ವಿಮಾನ ನಿಲ್ದಾಣದಲ್ಲಿ ಸಾಮಾನು ತಪಾಸಣೆ ಮಾಡುವವನು ಅದನ್ನು ಎತ್ತಿ ಹಿಡಿದು, ಇದು ಯಾವ ಆಯುಧ ಎಂದು ಕೇಳಿದನಂತೆ. ಇವರು ಅಲ್ಲೇ ನೆಲದ ಮೇಲೆ ಕೂತು, ಮಣೆಯನ್ನು ಕಾಲಲ್ಲಿ ಒತ್ತಿ, ಇಲ್ಲದ ಸೋರೆಕಾಯಿಯನ್ನು ಹೆಚ್ಚಿ ತೋರಿಸಿದರಂತೆ. ಅವನು ಮರದಲ್ಲಿ ಹುಳ ಇದೆಯೇ ಎಂದಷ್ಟೇ ನೋಡಿ ಬಿಟ್ಟುಬಿಟ್ಟ. ಆಸ್ಟ್ರೇಲಿಯಾದವರಿಗೆ ಕತ್ತಿಗಿಂತ ಹುಳದ ಭಯ ಹೆಚ್ಚು ಅಂತ ಅವರು ಆಮೇಲೆ ಎಷ್ಟು ಸಲ ಹೇಳಿ ನಕ್ಕರೋ ಲೆಕ್ಕವಿಲ್ಲ.

ಮೊದಲ ಎರಡು ತಿಂಗಳು ನಾನು ಅವರನ್ನು ಮೊಮ್ಮಗಳನ್ನು ನೋಡಿಕೊಳ್ಳಲು ಬಂದ ಅಜ್ಜಿ ಅಂತಲೇ ತಿಳಿದಿದ್ದೆ. ನಮ್ಮ ಬೀದಿಯಲ್ಲಿ ಮೂರು ಮನೆಗೊಬ್ಬರು ಅಂಥ ಅಜ್ಜಿ ಇದ್ದರು, ಒಂದು ವರ್ಷದ ವಿಸಿಟರ್ ವೀಸಾದ ಅಜ್ಜಿಯರು. ಒಂದು ದಿನ ಅವರ ಮಗ ಬೇಲಿಯಾಚೆಯಿಂದ, "ಅಮ್ಮ ಕಾದಂಬರಿ ಬರೀತಾರೆ," ಅಂದ. ಅಮ್ಮನಿಗೆ ಮಂಡಿನೋವು ಇದೆ ಅನ್ನುವ ಧಾಟಿಯಲ್ಲೇ ಅಂದ. ನಾನು ಅವತ್ತೇ ಸಂಜೆ ಮಗಳನ್ನು ಎತ್ತಿಕೊಂಡು ಹೋಗಿ ಅವರ ಅಡುಗೆಮನೆಯ ನೆಲದ ಮೇಲೆ ಕೂತೆ.

ಅವರನ್ನು ನಾನು ಮಾಶಿಮಾ ಅನ್ನುತ್ತಿದ್ದೆ, ಬಂಗಾಳಿಗಳು ಚಿಕ್ಕಮ್ಮನ ಸಮಾನರನ್ನು ಕರೆಯುವ ಹಾಗೆ. ಅವರು ನನ್ನನ್ನು ಮಾ ಅನ್ನುತ್ತಿದ್ದರು, ನಮ್ಮಲ್ಲಿ ದೊಡ್ಡವರು ಚಿಕ್ಕವರಿಗೆ ಏನಮ್ಮಾ ಅನ್ನುವುದಿಲ್ಲವೇ, ಹಾಗೆ. ನಾವು ಮಾತಾಡುತ್ತಿದ್ದದ್ದು ಹಿಂದಿಯಲ್ಲಿ. ಇಬ್ಬರ ಹಿಂದಿಯೂ ಅಷ್ಟಕ್ಕಷ್ಟೆ. ಆ ಮಾತುಗಳನ್ನು ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ, ನಮ್ಮ ಹಿಂದಿಗೆ ಇದೇ ಮರ್ಯಾದೆ.

ಅವರ ಬರವಣಿಗೆಯ ಕ್ರಮ ನನಗೆ ಹೊಸದು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಮೊಮ್ಮಗಳು ಏಳುವುದರೊಳಗೆ ಮೂರು ಪುಟ. ಮದುವೆಯಾದ ವರ್ಷದಿಂದಲೂ ಹಾಗೇ. ಹದಿನೇಳು ಜನರ ತುಂಬಿದ ಮನೆಯಲ್ಲಿ ಆ ಹೊತ್ತು ಬಿಟ್ಟರೆ ಬೇರೆ ಹೊತ್ತು ಅವರದಾಗಿರಲಿಲ್ಲವಂತೆ. ವಾರವೆಲ್ಲ ಬರೆದದ್ದನ್ನು ಶನಿವಾರ ಮಧ್ಯಾಹ್ನ ಯಾರಿಗಾದರೂ ಬಾಯಲ್ಲಿ ಹೇಳಬೇಕು, ಓದಬಾರದು. ಕೇಳುವವರ ಕೈ ಖಾಲಿ ಇರಬಾರದು. ಮೊದಲು ಓರಗಿತ್ತಿಯರು ಕೇಳುತ್ತಿದ್ದರಂತೆ, ಆಮೇಲೆ ನೆರೆಯವರು. ಈಗ ನನ್ನ ಸರದಿ. ನನ್ನ ಮುಂದೆ ಒಂದು ಬುಟ್ಟಿ ಬಟಾಣಿ ಸುರಿದು, ತಾವು ಈಳಿಗೆ ಮಣೆ ಮುಂದೆ ಕೂತು ಕತೆ ಶುರು ಮಾಡುತ್ತಿದ್ದರು. ಅವರ ಕಣ್ಣು ನನ್ನ ಮುಖದ ಮೇಲಲ್ಲ, ಕೈ ಮೇಲಿರುತ್ತಿತ್ತು. ಕತೆ ಕೇಳುತ್ತಾ ನನ್ನ ಕೈ ಬಟಾಣಿ ಸುಲಿಯುವುದನ್ನು ನಿಲ್ಲಿಸಿದರೆ ಆ ಪುಟ ಉಳಿಯುತ್ತಿತ್ತು. ಕೈ ಓಡುತ್ತಲೇ ಇದ್ದರೆ ಮರುದಿನ ಅದಕ್ಕೆ ಅಡ್ಡಗೆರೆ.

"ಮುಖ ಮರ್ಯಾದೆಗೆ ಸುಳ್ಳು ಹೇಳತ್ತೆ, ಮಾ. ಕೈಗೆ ಅದು ಬರಲ್ಲ," ಅನ್ನುತ್ತಿದ್ದರು.

ಆಗ ಬರೆಯುತ್ತಿದ್ದದ್ದು ಒಂದು ಕಾದಂಬರಿ. ಕೋಲ್ಕತ್ತದ ಒಂದು ಹಳೆಯ ಮೆಸ್ಸಿನಲ್ಲಿ ಮೂವತ್ತು ಜನ ಗಂಡಸರಿಗೆ ಅಡುಗೆ ಮಾಡುವ ಹೆಂಗಸು. ಅವಳಿಗೆ ಒಬ್ಬರ ಹೆಸರೂ ಗೊತ್ತಿಲ್ಲ, ಎಲ್ಲರ ಹಸಿವೂ ಗೊತ್ತು. ಒಂದು ದಿನ ಒಬ್ಬ ಊಟಕ್ಕೆ ಬರುವುದಿಲ್ಲ. ಅವಳು ಅವನ ತಟ್ಟೆಯನ್ನು ಮುಚ್ಚಿಕೊಂಡು, ಹೆಸರೇ ಗೊತ್ತಿಲ್ಲದವನನ್ನು ಹುಡುಕಿಕೊಂಡು ಊರೊಳಗೆ ಹೊರಡುತ್ತಾಳೆ. ಹೇಳಲು ಇಷ್ಟೇ. ಆದರೆ ಅವಳು ಸೌಟು ಹಿಡಿಯುವ ರೀತಿಯನ್ನು ಮಾಶಿಮಾ ಹೇಳಿದ ದಿನ ನನ್ನ ಕೈ ಹತ್ತು ನಿಮಿಷ ನಿಂತಿತ್ತು.

ಆ ಕಾದಂಬರಿ ಅವರಿಗೆ ಬರೀ ಇನ್ನೊಂದು ಪುಸ್ತಕವಾಗಿರಲಿಲ್ಲ. ನಮ್ಮಲ್ಲಿ ದೀಪಾವಳಿ ವಿಶೇಷಾಂಕ ಬರುವ ಹಾಗೆ ಅವರಲ್ಲಿ ದುರ್ಗಾಪೂಜೆಗೆ ಇಟ್ಟಿಗೆಯಷ್ಟು ದಪ್ಪದ ವಿಶೇಷಾಂಕಗಳು ಬರುತ್ತವೆ, ಒಂದೊಂದರಲ್ಲೂ ಇಡೀ ಕಾದಂಬರಿಗಳು. ಒಂದು ಕಾಲದಲ್ಲಿ ಇವರದು ವರ್ಷ ತಪ್ಪದೆ ಇರುತ್ತಿತ್ತು. ಆಮೇಲೆ ಎಂಟು ವರ್ಷ ಯಾರೂ ಕೇಳಿರಲಿಲ್ಲ. ಈ ವರ್ಷ ಒಬ್ಬ ಸಂಪಾದಕರು ಫೋನ್ ಮಾಡಿ ಕೇಳಿದ್ದರು. ಮೇ ತಿಂಗಳ ಮೊದಲ ವಾರ ಕೈ ಸೇರಬೇಕು, ತಪ್ಪಿದರೆ ಆ ಪುಟಗಳು ಬೇರೆಯವರಿಗೆ. ಏಪ್ರಿಲ್ ಕೊನೆಗೆ ಅವರ ವೀಸಾ ಮುಗಿಯುತ್ತಿತ್ತು.

"ಮತ್ತೆ ಕೇಳಲ್ಲ ಅವರು. ಇದು ಕೊನೇ ಸಲ, ನನಗೆ ಗೊತ್ತು," ಅಂದಿದ್ದರು. ಅಳು ಇರಲಿಲ್ಲ ಆ ಮಾತಿನಲ್ಲಿ. ಬದನೆಕಾಯಿ ಎರಡು ಹೋಳಾಯಿತು, ಅಷ್ಟೆ.

ಇಲ್ಲಿ ನನ್ನದೊಂದು ಕಳ್ಳತನ ಹೇಳಿಬಿಡಬೇಕು. ನಾನು ನಾರ್ತ್ ಸಿಡ್ನಿಯ ಒಂದು ಐಟಿ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸದಲ್ಲಿದ್ದೆ. ಸ್ಕೋಫೀಲ್ಡ್ಸ್‌ನಿಂದ ರೈಲಿನಲ್ಲಿ ಒಂದು ಗಂಟೆಗೂ ಮೇಲೆ. ಶನಿವಾರ ಕೇಳಿದ ಕತೆಯನ್ನು ಸೋಮವಾರ ಮಂಗಳವಾರದ ರೈಲಿನಲ್ಲಿ ಕೂತು ಕನ್ನಡದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ. ಮರೆತುಹೋಗಬಾರದು ಅಂತ ನನಗೆ ನಾನೇ ಹೇಳಿಕೊಂಡ ನೆವ. ನಿಜ ಏನೆಂದರೆ, ಪಿಯುಸಿಯಿಂದಲೂ ನನಗೆ ಕತೆ ಬರೆಯುವ ಹುಚ್ಚು. ಒಂದನ್ನೂ ಮುಗಿಸಿರಲಿಲ್ಲ. ಇನ್ನೊಬ್ಬರ ಕತೆಯಾದರೂ ನನ್ನ ಅಕ್ಷರದಲ್ಲಿ ಮುಂದೆ ಸಾಗುವುದನ್ನು ನೋಡಿ ಖುಷಿಪಡುತ್ತಿದ್ದೆ. ಪ್ರತಿ ಪುಟದ ನೆತ್ತಿಯಲ್ಲೂ ಶ್ರೀ ಬರೆದು ಶುರು ಮಾಡುವುದು ನನ್ನ ಅಭ್ಯಾಸ.

ಜನವರಿ ಮುಗಿಯುವ ಹೊತ್ತಿಗೆ ಕಾದಂಬರಿ ಮುಗಿಯಿತು. ರಟ್ಟು ಹಾಕಿದ ಇನ್ನೂರು ಪುಟದ ನೋಟ್‌ಬುಕ್ಕು, ಇರುವೆ ಸಾಲಿನಂಥ ಅಕ್ಷರ. ಅವರ ಮಗ ಫೋನಿನಲ್ಲಿ ಫೋಟೋ ತೆಗೆಯುತ್ತೇನೆ ಅಂತ ಹೇಳುತ್ತಲೇ ತಿಂಗಳುಗಳು ಕಳೆದಿದ್ದವು. ಒಂದು ಶುಕ್ರವಾರ ಸಂಜೆ ಮಾಶಿಮಾ ಅದನ್ನು ನನ್ನ ಕೈಗಿತ್ತರು.

"ಸೋಮವಾರ ನಿನ್ನ ಆಫೀಸಿನ ಸ್ಕ್ಯಾನರಿಗೆ ಹಾಕು, ಮಾ. ನನ್ನ ಕೈಯಿಂದ ಮಷೀನಿಗೆ. ನಡುವೆ ಎಲ್ಲೂ ಇಡಬೇಡ."

ಹೂಂ ಅಂದೆ. ಎರಡು ಕೈಯಲ್ಲಿ ಇಸಕೊಂಡೆ.

ಮರುದಿನ ಶನಿವಾರ ಬಂಗಾಳಿಗಳ ಸರಸ್ವತಿ ಪೂಜೆ. ನಾವು ನವರಾತ್ರಿಯಲ್ಲಿ ಪುಸ್ತಕ ಇಡುತ್ತೇವೆ, ಅವರು ಮಾಘ ಮಾಸದ ಪಂಚಮಿಗೆ. ಸಿಡ್ನಿಯಲ್ಲಿ ಪಂಚಮಿ ಯಾವ ವಾರ ಬಂದರೂ ಪೂಜೆ ಮಾತ್ರ ಶನಿವಾರವೇ, ಒಂದು ಶಾಲೆಯ ಹಾಲ್ ಬುಕ್ ಮಾಡಿ. ದೇವಿಯ ಪಾದದ ಬಳಿ ಪುಸ್ತಕ, ಪೆನ್ನು ಇಟ್ಟುಬಿಟ್ಟರೆ ಅವತ್ತು ಯಾರೂ ಓದುವಂತಿಲ್ಲ, ಬರೆಯುವಂತಿಲ್ಲ. ಮಾಶಿಮಾ ಬರಲಿಲ್ಲ. "ಅನ್ನಪೂರ್ಣೆಯ ಪೂಜೆ ಅಂತ ಯಾರಾದರೂ ಒಲೆ ಆರಿಸ್ತಾರಾ? ನಾನು ಇವತ್ತೂ ಬರೀತೀನಿ," ಅಂದರು. ನಾನು ಹೋದದ್ದು ಮಗಳ ಅಕ್ಷರಾಭ್ಯಾಸಕ್ಕೆ. ಅವಳಿಗೆ ನಾಲ್ಕೂವರೆ. ವಾರವೆಲ್ಲ ಬ್ಯಾಂಕಿನಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಆಗಿದ್ದು ಶನಿವಾರ ಪುರೋಹಿತರಾಗಿದ್ದವರು ಅವಳ ಕೈ ಹಿಡಿದು ಸ್ಲೇಟಿನ ಮೇಲೆ ಬಂಗಾಳಿ ಅ ಬರೆಸಿದರು. ಪಕ್ಕದಲ್ಲಿ ನಾನು ಹಟಮಾಡಿ ಕನ್ನಡದ ಅ ಬರೆಸಿದೆ. "ಅಮ್ಮಾ, ವೈ ಟೂ ಟೈಮ್ಸ್?" ಅಂದಳು ಮಗಳು.

ನೋಟ್‌ಬುಕ್ಕು ನನ್ನ ಬ್ಯಾಗಿನಲ್ಲಿತ್ತು. ಮನೆಯಲ್ಲಿ ಬಿಟ್ಟುಬರಲು ಧೈರ್ಯವಾಗಿರಲಿಲ್ಲ. ಮಕ್ಕಳ ಪುಸ್ತಕಗಳೆಲ್ಲ ಹಂಸದ ಪಕ್ಕ ಗುಡ್ಡೆಯಾಗಿದ್ದವು. ನನ್ನ ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ಟಿನಿಂದ ಹಿಡಿದು ಇಲ್ಲಿ ಕಾಯಂ ನೆಲೆಸುವ ಪಿಆರ್ ಅರ್ಜಿಯ ಪ್ರಿಂಟಿನ ತನಕ ಎಲ್ಲವೂ ದೇವರ ಮುಂದೆ ಒಂದು ಸುತ್ತು ಹೋಗಿ ಬಂದವೇ. ಎಂಟು ವರ್ಷದ ಮೇಲೆ ಸಂಪಾದಕರು ಕೇಳಿದ ಕಾದಂಬರಿ, ಕೋಲ್ಕತ್ತಕ್ಕೆ ಹೋಗುವ ಮುಂಚೆ ಒಂದು ಗಂಟೆ ಅಲ್ಲಿದ್ದರೆ ಒಳ್ಳೆಯದೇ ಆದೀತು ಅನ್ನಿಸಿತು. ಅರಿಶಿನದ ಬಟ್ಟಲಿಗೆ ಬೆರಳದ್ದಿ ಮೊದಲ ಪುಟದ ನೆತ್ತಿಯಲ್ಲಿ ಶ್ರೀ ಬರೆದೆ. ಮಕ್ಕಳ ಪುಸ್ತಕಗಳ ಅಡಿಗೆ ಮೆಲ್ಲಗೆ ತಳ್ಳಿ ಕೈಮುಗಿದೆ.

ಮಧ್ಯಾಹ್ನ ಪ್ರಸಾದದ ಖಿಚಡಿ ತಿಂದ ಮಗಳು ನನ್ನ ಸೀರೆಯ ಮೇಲೇ ವಾಂತಿ ಮಾಡಿಕೊಂಡಳು. ಮೈ ಕೆಂಡ. ಎತ್ತಿಕೊಂಡು ಕಾರಿಗೆ ಓಡಿದವಳಿಗೆ ನೋಟ್‌ಬುಕ್ಕು ನೆನಪಾದದ್ದು ಮರುದಿನ, ಜ್ವರ ಇಳಿದ ಮೇಲೆ.

ಪೂಜಾ ಸಮಿತಿಯ ಕಾರ್ಯದರ್ಶಿಗೆ ಫೋನ್ ಮಾಡಿದೆ. ಅವರು ಶಾಂತವಾಗಿ ವಿವರಿಸಿದರು. ಹಾಲ್ ಐದಕ್ಕೆ ಖಾಲಿ ಮಾಡಬೇಕಿತ್ತು. ಪುಸ್ತಕಗಳನ್ನೆಲ್ಲ ಮಕ್ಕಳಿಗೆ ವಾಪಸ್ ಕೊಟ್ಟಾಯಿತು. ಕೊನೆಗೆ ಕೈಬರಹದ ಒಂದು ನೋಟ್‌ಬುಕ್ಕು ಉಳಿಯಿತು, ಅರಿಶಿನ ಹಚ್ಚಿದ್ದು. ದೇವಿಯನ್ನು ಪ್ಯಾಕ್ ಮಾಡುತ್ತಿದ್ದವರು ಇಲ್ಲೇ ಹುಟ್ಟಿ ಬೆಳೆದ ಹುಡುಗಿಯರು, ಮನೆಮಾತು ಬಂಗಾಳಿಯಾದರೂ ಓದಲು ಬಾರದು. ಪೂಜೆಯ ಮಂತ್ರದ ಪುಸ್ತಕವಿರಬೇಕು ಅಂದುಕೊಂಡು ಭಕ್ತಿಯಿಂದ ದೇವಿಯ ಜೊತೆಗೇ ಪೆಟ್ಟಿಗೆಯಲ್ಲಿಟ್ಟಿದ್ದರು. ಇಲ್ಲಿ ವಿಗ್ರಹವನ್ನು ನೀರಿಗೆ ಬಿಡುವುದಿಲ್ಲ. ಸಿಡ್ನಿ, ಮೆಲ್ಬರ್ನಿನ ಎರಡು ಸಮಿತಿಗಳು ಸೇರಿ ಕೋಲ್ಕತ್ತದಿಂದ ಒಂದೇ ದೇವಿಯನ್ನು ತರಿಸಿಕೊಂಡು ವರ್ಷವರ್ಷವೂ ಹಂಚಿಕೊಳ್ಳುತ್ತಿದ್ದರು. ಮೆಲ್ಬರ್ನಿನ ಪೂಜೆ ಹಿಂದಿನ ವಾರವೇ ಮುಗಿದಿತ್ತು. ಪೆಟ್ಟಿಗೆ ಶನಿವಾರ ಸಂಜೆಯೇ ಟ್ರಕ್ಕು ಹತ್ತಿ ಮೆಲ್ಬರ್ನಿನ ಅಂಚಿನ ಟ್ರುಗನಿನಾದ ಒಬ್ಬ ಸದಸ್ಯರ ಗ್ಯಾರೇಜಿನ ದಾರಿ ಹಿಡಿದಿತ್ತು. ಆ ಸದಸ್ಯರು ಬೆಳಿಗ್ಗೆ ಪೆಟ್ಟಿಗೆ ಇಳಿಸಿಕೊಂಡ ಕೂಡಲೇ ಸಂಸಾರ ಸಮೇತ ತಂಗಿಯ ಮದುವೆಗೆ ಊರಿಗೆ ಹೊರಟಿದ್ದರು. ಮನೆಗೆ ಬೀಗ, ಎರಡು ತಿಂಗಳಿಗೂ ಮೇಲೆ.

ಮಕ್ಕಳ ಹಾಗೆ ಅತ್ತುಬಿಟ್ಟೆ. ಗಂಡ ಚಹಾ ತಂದುಕೊಟ್ಟು, "ಹೋಗಿ ಇರೋದನ್ನ ಹೇಳ್ಬಿಡೇ. ಲೇಟ್ ಮಾಡಿದಷ್ಟೂ ಕಷ್ಟ," ಅಂದ.

ಹೇಳಲೆಂದೇ ಹೋದೆ. ನೋಟ್‌ಬುಕ್ಕು ದೇವಿಯ ಪೆಟ್ಟಿಗೆ ಸೇರಿ ಟ್ರುಗನಿನಾಕ್ಕೆ ಹೋಗಿದೆ, ಈಸ್ಟರಿನ ತನಕ ಸಿಗುವುದಿಲ್ಲ, ಎಂದೆ. ಮಾಶಿಮಾರ ಕೈ ಸೋರೆಕಾಯಿಯ ಮೇಲೆ ನಿಂತಿತು. ಅವರು ನನ್ನನ್ನೇ ನೋಡುತ್ತಾ, ನಾನು ಕೇಳದಿದ್ದರೂ ಒಂದು ಕತೆ ಹೇಳಿದರು. ಅದು ಬರೆದ ಕತೆಯಲ್ಲ.

ಇಪ್ಪತ್ತೆರಡನೇ ವಯಸ್ಸಿನಲ್ಲಿ ಅವರೊಂದು ಕಾದಂಬರಿ ಬರೆದಿದ್ದರು, ಮೊದಲನೆಯದು. ಹಾಸಿಗೆಯ ಅಡಿಯಲ್ಲಿ ಬಚ್ಚಿಟ್ಟಿದ್ದರು. ಸರಸ್ವತಿ ಪೂಜೆಯ ದಿನ ಅವರ ಅತ್ತೆ ಅದನ್ನು ತೆಗೆದು ದೇವಿಯ ಪಾದದಡಿ ಇಟ್ಟರು. ಮರುದಿನ ಗಂಡಸರು ಬಂದು ಎಲ್ಲವನ್ನೂ ಎತ್ತಿಕೊಂಡು ಹೋದರು, ದೇವಿಯ ಜೊತೆ ಕಾದಂಬರಿಯೂ ಗಂಗೆಗೆ ಹೋಯಿತು.

"ಅತ್ತೆ ಸಾಯೋವರೆಗೂ ನಾನು ಅದನ್ನ ಕ್ಷಮಿಸಲಿಲ್ಲ, ಮಾ. ಒಳ್ಳೇದಾಗಲಿ ಅಂತ ಇಟ್ಟೆ ಅಂದ್ರು. ಒಳ್ಳೇದು ಮಾಡ್ತೀನಿ ಅಂತ ಬರೋ ಕೈಗಳನ್ನ ನಾನು ಅವತ್ತಿಂದ ನಂಬಲ್ಲ," ಅಂದರು. ಆಮೇಲೆ ಕೇಳಿದರು. "ನೋಟ್‌ಬುಕ್ಕು ದೇವಿ ಹತ್ರ ಹೇಗೆ ಹೋಯ್ತು?"

ನನ್ನ ನಾಲಿಗೆ ತಾನಾಗಿ ಹೊರಳಿತು. "ಬ್ಯಾಗಿಂದ ಮಗಳ ಪುಸ್ತಕ ತೆಗೆಯೋವಾಗ ಅದರ ಜೊತೆ ಹೋಗ್ಬಿಟ್ಟಿದೆ, ಮಾಶಿಮಾ. ಅವಳಿಗೆ ಬೇರೆ ಜ್ವರ..."

ಜ್ವರದ ಮಗುವನ್ನು ಅಡ್ಡ ಇಟ್ಟುಕೊಂಡು ಹೇಳಿದ ಸುಳ್ಳು. ಇವತ್ತಿಗೂ ನೆನೆದರೆ ಮೈ ಹಿಡಿಯಾಗುತ್ತದೆ.

ಅವರು ಬೈಯಲಿಲ್ಲ. "ಆಗ ಎರಡು ವರ್ಷ ಅಳ್ತಾ ಕೂತಿದ್ದೆ," ಅಂದರು. "ಈ ಸಲ ಅಷ್ಟು ಟೈಮಿಲ್ಲ. ಪೆಟ್ಟಿಗೆ ತೆಗೆದಾಗ ಅದು ಇರತ್ತೋ, ನೆನೆದು ಮುದ್ದೆಯಾಗಿರತ್ತೋ ಯಾರಿಗೆ ಗೊತ್ತು. ಕಾಯಲ್ಲ ನಾನು. ನಿನಗೆ ಎಷ್ಟು ನೆನಪಿದೆ?"

ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ನನಗೆ ಬಂದದ್ದು ನೋಟ್‌ಬುಕ್ಕು. ಮನೆಗೆ ಓಡಿ ನನ್ನ ರೈಲಿನ ನೋಟ್‌ಬುಕ್ಕು ತಂದು ಅವರ ಮುಂದಿಟ್ಟೆ. ಪುಟ ಮಗುಚಿ ನೋಡಿದರು, ಒಂದಕ್ಷರ ಬಾರದಿದ್ದರೂ ಕೊನೆಯವರೆಗೆ ಮಗುಚಿದರು. ಆಮೇಲೆ ಬಂತು ನೋಡಿ ಸಿಟ್ಟು. ಕಳೆದದ್ದಕ್ಕೆ ಬೈಯದವರು ಬರೆದದ್ದಕ್ಕೆ ಬೈದರು. ಕಳ್ಳಿ ಅಂದರು. ಇನ್ನೊಬ್ಬರ ಒಲೆಯಲ್ಲಿ ರೊಟ್ಟಿ ಸುಡುವವಳು ಅಂದರು. ನಿನ್ನ ಹತ್ತಿರ ಹೇಳಲು ಏನೂ ಇಲ್ಲವಾ, ಬಾಯಿಗೆ ಬೀಗವಾ ಅಂದರು. ಬೈದು ಬೈದು ಸಾಕಾಗಿ, ಸೋರೆಕಾಯಿಯ ಇನ್ನೊಂದು ಅರ್ಧ ಕೈಗೆತ್ತಿಕೊಂಡು, "ಓದು, ಮೊದಲಿಂದ," ಅಂದರು.

ಅಲ್ಲಿಂದ ಹತ್ತು ವಾರ. ಬೆಳಿಗ್ಗೆ ಐದಕ್ಕೆ ನಾನು ಅವರ ಅಡುಗೆಮನೆಯ ಗಾಜಿನ ಬಾಗಿಲು ತಟ್ಟುತ್ತಿದ್ದೆ. ಈಗ ಕೂರುವ ಜಾಗ ಅದಲುಬದಲು. ನಾನು ನನ್ನ ಕನ್ನಡವನ್ನು ನೋಡಿಕೊಂಡು ಹಿಂದಿಯಲ್ಲಿ ಹೇಳುವುದು, ಅವರು ಈಳಿಗೆ ಮಣೆಯ ಮುಂದೆ ಕೂತು ಅವತ್ತಿನ ತರಕಾರಿ ಹೆಚ್ಚುತ್ತಾ ಕೇಳುವುದು. ಅವರ ಕೈ ನಿಂತಲ್ಲಿ ನಾನು ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದೆ. ಆರೂವರೆಗೆ ನಾನು ರೈಲಿಗೆ ಓಡಿದರೆ ಅವರು ಕೈತೊಳೆದು ಬರೆಯಲು ಕೂರುತ್ತಿದ್ದರು. ಮೊಮ್ಮಗಳು ಎದ್ದರೆ ಅವಳನ್ನು ಮಡಿಲಲ್ಲಿ ಕೂರಿಸಿಕೊಂಡೇ ಬರೆಯುತ್ತಿದ್ದರು. ಆ ಹಸ್ತಪ್ರತಿಯ ಅಂಚಿನಲ್ಲಿ ಮಗುವಿನ ಕ್ರೆಯಾನ್ ಗೆರೆಗಳು ಬೇಕಾದಷ್ಟಿದ್ದವು.

ಒಂದು ದಿನ ಅವರು ಕೈ ನಿಲ್ಲಿಸಿ ನನ್ನನ್ನು ದಿಟ್ಟಿಸಿದರು. ನಾನು ಸಂತೋಷದಿಂದ ಪೆನ್ಸಿಲ್ ಎತ್ತಿದೆ.

"ನನ್ನ ಅಡುಗೆಯವಳು ಯಾವಾಗ ಕೋಲು ತಗೊಂಡು ಹಿಟ್ಟು ತಿರುವಿದಳು? ಯಾವ ಹಿಟ್ಟು ಅದು?"

ನೋಡಿಕೊಂಡರೆ ಕೋಲ್ಕತ್ತದ ಮೆಸ್ಸಿನಲ್ಲಿ ನಾನು ಮೂವತ್ತು ಜನ ಬಂಗಾಳಿಗಳಿಗೆ ರಾಗಿಮುದ್ದೆ ಕಟ್ಟಿಸಿಬಿಟ್ಟಿದ್ದೆ. ರೈಲಿನಲ್ಲಿ ಬರೆಯುವಾಗ ನನಗರಿವಿಲ್ಲದೆ ನಮ್ಮಮ್ಮನ ತೋಳು ಒಳಗೆ ಬಂದು ಕೂತಿತ್ತು. ಮಾಶಿಮಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ, "ಆ ತೋಳು ನಿನ್ನದು. ತೆಗೆದಿಟ್ಟುಕೋ, ನನಗೆ ಬೇಡ," ಅಂದರು.

ನನಗೆ ಮರೆತದ್ದು, ನನ್ನ ಹಿಂದಿಗೆ ನಿಲುಕದ್ದು, ನಾನು ಬರೆಯದೆ ಬಿಟ್ಟದ್ದು ಬಹಳಷ್ಟಿತ್ತು. ಅಂಥಲ್ಲಿ ನಾನು ಅಪರಾಧಿಯಂತೆ ತಲೆತಗ್ಗಿಸಿದರೆ ಅವರು, "ಬಿಡು. ನಿನ್ನ ತಲೇಲಿ ನಿಲ್ಲದ್ದು ಓದೋವರ ತಲೇಲೂ ನಿಲ್ಲಲ್ಲ," ಅಂದು ಮುಂದೆ ಹೋಗುತ್ತಿದ್ದರು. ಜರಡಿ ಹಿಡಿದ ಹಾಗೆ ಇನ್ನೂರು ಪುಟ ನೂರನಲವತ್ತಾಗುತ್ತಾ ಬಂತು. ಮಾರ್ಚಿನಲ್ಲಿ ನಮ್ಮ ಆಫೀಸಿನಲ್ಲಿ ಒಂದು ದೊಡ್ಡ ಸಾಫ್ಟ್‌ವೇರ್ ರಿಲೀಸ್ ಇತ್ತು, ನಾನು ಮೂರು ದಿನ ಬರಲಾಗುವುದಿಲ್ಲ ಅಂದೆ. ಮೈಯೂ ಬಿಸಿಯಿತ್ತು. "ಜ್ವರ ಇದ್ರೆ ಜ್ವರ ತಗೊಂಡೇ ಬಾ, ಮಾತ್ರೆ ನಾನು ಕೊಡ್ತೀನಿ," ಅಂದರು. ಹೋದೆ. ಅವರ ಬಲಗೈಯ ಹೆಬ್ಬೆರಳು ಊದಿಕೊಂಡಿತ್ತು, ಅದಕ್ಕೆ ಬಟ್ಟೆ ಸುತ್ತಿಕೊಂಡು ಕೂತಿದ್ದರು. ನನ್ನ ಮೈಬಿಸಿಯ ಮಾತು ಎತ್ತಲು ಬಾಯಿ ಬರಲಿಲ್ಲ.

ಸುಳ್ಳು ಮಾತ್ರ ಒಳಗೇ ಇತ್ತು. ಅವರು ಯಾವುದೋ ಮಾತಿಗೆ ಅತ್ತೆ ಅಂದರೆ ಸಾಕು, ನಾನು ಏಳಲು ನೆವ ಹುಡುಕುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ದಿನಾ ಬೆಳಿಗ್ಗೆ ನನ್ನದು ಅದೇ ಪಾಡು. ಕಾದಂಬರಿ ಮುಗಿಯಲಿ, ಆಮೇಲೆ ಹೇಳೋಣ ಅಂದುಕೊಂಡೆ. ಈಗ ಹೇಳಿ ಅವರ ಕೈ ನಿಂತುಹೋದರೆ ಅನ್ನುವ ಭಯ ಒಂದು ಪಾಲು. ಹೇಡಿತನ ಮೂರು ಪಾಲು.

ಈಸ್ಟರಿನ ರಜೆಗೆ ಟ್ರುಗನಿನಾದವರು ಊರಿಂದ ಮರಳಿದರು. ನೋಟ್‌ಬುಕ್ಕನ್ನು ಕೊರಿಯರ್ ಮಾಡುತ್ತೇವೆ ಅಂದರು. ಮಾಶಿಮಾ ಒಪ್ಪಲಿಲ್ಲ, ಮತ್ತೆ ನಡುವೆ ಯಾರ ಕೈಗೂ ಬೇಡ ಅಂದರು. ಹೊಸ ಹಸ್ತಪ್ರತಿಯಲ್ಲಿ ಕೊನೆಯ ಅಧ್ಯಾಯ ಬಾಕಿ ಇತ್ತು. ನಾನೇ ಕಾರು ಓಡಿಸಿದೆ, ಹಿಂದೆ ಮಗಳು, ಪಕ್ಕದಲ್ಲಿ ಮಾಶಿಮಾ, ಅವರ ಮಡಿಲಲ್ಲಿ ಹೊಸ ಹಸ್ತಪ್ರತಿ. ಒಂಬತ್ತು ಗಂಟೆಯ ದಾರಿ. ಹುಲ್ಲು ಒಣಗಿ ಬಿಳಚಿಕೊಂಡ ಬಯಲನ್ನು ನೋಡುತ್ತಾ ಅವರು ಕೊನೆಯ ಅಧ್ಯಾಯವನ್ನು ಬಾಯೊಳಗೇ ಹೇಳಿಕೊಳ್ಳುತ್ತಿದ್ದರು.

ಟ್ರುಗನಿನಾ ನಮ್ಮ ಸ್ಕೋಫೀಲ್ಡ್ಸ್‌ನ ಅವಳಿ ತಂಗಿ. ಅದೇ ಹೊಸ ಮನೆಗಳು, ಅದೇ ಎಳೆಯ ಗಿಡಗಳು, ಆಚೆಗೆ ಉದ್ದುದ್ದ ಗೋದಾಮುಗಳು. ಆ ಮನೆಯ ಗಂಡ ಹೆಂಡತಿ ಗ್ಯಾರೇಜಿನ ಷಟರ್ ಎತ್ತಿ, ಪೆಟ್ಟಿಗೆಯ ಮೊಳೆ ಕಿತ್ತು, ಪ್ಲಾಸ್ಟಿಕ್ ಬಿಡಿಸಿದರು. ಹಂಸದ ಕೊರಳ ಪಕ್ಕದಲ್ಲೇ ಇತ್ತು ನೋಟ್‌ಬುಕ್ಕು. ಒಂದು ಮೂಲೆಯೂ ಮುಕ್ಕಾಗಿರಲಿಲ್ಲ. ಒಣಗಿದ ಚೆಂಡುಹೂವಿನ ಎಸಳು ರಟ್ಟಿಗೆ ಅಂಟಿತ್ತು.

ಮಾಶಿಮಾ ಮೊದಲ ಪುಟ ತೆಗೆದರು. ಅಲ್ಲಿ ನೆತ್ತಿಯಲ್ಲಿ ಅರಿಶಿನದ ಶ್ರೀ, ಕನ್ನಡದ್ದು. ನನ್ನ ನೋಟ್‌ಬುಕ್ಕಿನ ಪುಟಪುಟದ ಮೇಲೂ ಹತ್ತು ವಾರ ಅವರು ನೋಡಿದ್ದ ಅದೇ ಆಕಾರ. ಹೆಬ್ಬೆರಳಿನಿಂದ ಅದನ್ನು ಒಂದು ಸಲ ಉಜ್ಜಿದರು. ಬೆರಳಿಗೆ ಹತ್ತಿದ ಹಳದಿಯನ್ನು ನೋಡಿದರು. ನನ್ನನ್ನು ನೋಡಲಿಲ್ಲ.

"ಮನೇಲಿ ಬಟಾಣಿ ಇದೆಯಾ?" ಎಂದು ಆ ಮನೆಯಾಕೆಯನ್ನು ಕೇಳಿದರು.

ಇತ್ತು. ಅಡುಗೆಮನೆಯ ನೆಲದ ಮೇಲೆ ಕೂತೆವು. ಮಾಶಿಮಾ ಹಳೆಯ ನೋಟ್‌ಬುಕ್ಕಿನ ಕೊನೆಯ ಅಧ್ಯಾಯದ ಮೇಲೆ ಕಣ್ಣಾಡಿಸಿ ಹಿಂದಿಯಲ್ಲಿ ಹೇಳತೊಡಗಿದರು. ನಾನು ಸುಲಿಯುತ್ತಿದ್ದೆ. ಅಡುಗೆಯವಳು ಬೀದಿ ಬೀದಿ ಸುತ್ತುತ್ತಾಳೆ, ನದಿಯ ವರ್ಣನೆ ಬರುತ್ತದೆ, ಸಾವಿನ ಬಗ್ಗೆ ಎರಡು ಪುಟ ಬರುತ್ತದೆ. ನನ್ನ ಕೈ ಓಡುತ್ತಲೇ ಇತ್ತು. ಗಾಬರಿಯಾಯಿತು. ತಪ್ಪು ಮಾಡಿದವಳು, ಇಷ್ಟಾದರೂ ಮಾಡೋಣ ಅಂತ ಬೇಕೆಂದೇ ಕೈ ನಿಲ್ಲಿಸಿದೆ.

"ಕೈಯಿಂದಾದ್ರೂ ಸುಳ್ಳು ಹೇಳಿಸಬೇಡ, ಮಾ," ಅಂದರು.

ಆಮೇಲೆ ಹೊಸ ಕೊನೆಯನ್ನು ಹೇಳಿದರು, ಕಾರಿನಲ್ಲಿ ಕಟ್ಟಿಕೊಂಡು ಬಂದದ್ದು. ನಾಲ್ಕೇ ಪುಟ. ಅಡುಗೆಯವಳು ಅವನನ್ನು ಹುಡುಕಲಾಗದೆ ಮೆಸ್ಸಿಗೆ ಮರಳುತ್ತಾಳೆ. ಮರುದಿನ ಮೂವತ್ತು ತಟ್ಟೆಯನ್ನೂ ಹಾಕುತ್ತಾಳೆ, ಉಳಿದವರನ್ನು ಒಬ್ಬೊಬ್ಬರಾಗಿ ಹೆಸರು ಕೇಳುತ್ತಾಳೆ. ಅಲ್ಲಿಗೆ ನನ್ನ ಕೈ ಬಟಾಣಿಯಲ್ಲಿ ಹೂತುಹೋಗಿತ್ತು. ಆ ಮನೆಯಾಕೆಯೂ ಸಿಂಕಿನ ನಲ್ಲಿ ನಿಲ್ಲಿಸಿ ನಿಂತಿದ್ದರು.

ಮಾಶಿಮಾ ಎದ್ದು ಗ್ಯಾರೇಜಿಗೆ ಹೋದರು. ಪೆಟ್ಟಿಗೆಗೆ ಇನ್ನೂ ಮುಚ್ಚಳ ಹಾಕಿರಲಿಲ್ಲ. ಹಳೆಯ ನೋಟ್‌ಬುಕ್ಕನ್ನು ದೇವಿಯ ಪಾದದ ಬಳಿ ಇಟ್ಟರು.

"ಈ ಸಲ ನಾನೇ ಇಡ್ತಿದೀನಿ," ಅಂದರು, ದೇವಿಗೋ ನನಗೋ ತಿಳಿಯಲಿಲ್ಲ.

ಹೊಸದನ್ನು ಮುಂದಿನ ವಾರ ಅವರ ಕೈಯಿಂದ ಇಸಕೊಂಡು ನಾರ್ತ್ ಸಿಡ್ನಿಯ ಸ್ಕ್ಯಾನರಿಗೇ ಹಾಕಿದೆ, ನಡುವೆ ಚಹಾ ಕುಡಿಯಲೂ ನಿಲ್ಲಲಿಲ್ಲ. ಅದು ಗಡುವಿಗೆ ಮುಂಚೆ ತಲುಪಿತು. ಏಪ್ರಿಲ್ ಕೊನೆಗೆ ಅವರು ಹೊರಟರು. ವಿಮಾನ ನಿಲ್ದಾಣದಲ್ಲಿ ನಾನು ಮೂರು ಸಲ ಬಾಯಿ ತೆರೆದೆ, ಮೂರು ಸಲವೂ ಲಗೇಜಿನ ಮಾತಾಡಿದೆ. ಅವರೂ ಅರಿಶಿನದ ಮಾತೆತ್ತಲಿಲ್ಲ. "ಶನಿವಾರ ಫೋನ್ ಮಾಡ್ತೀನಿ. ಇನ್ನು ನಿನ್ನದು ಹೇಳು, ನನ್ನದಲ್ಲ," ಅಂದು ಒಳಗೆ ಹೋದರು.

ಮಾಡಿದರು. ಶನಿವಾರ ಶನಿವಾರ, ಅಲ್ಲಿ ಬೆಳಗಿನ ಅಡುಗೆಯ ಹೊತ್ತು, ಇಲ್ಲಿ ಮಧ್ಯಾಹ್ನ. ಸ್ಪೀಕರ್ ಹಾಕಿ ಫೋನನ್ನು ನೆಲದ ಮೇಲಿಟ್ಟು ಈಳಿಗೆ ಮಣೆ ಮುಂದೆ ಕೂರುತ್ತಿದ್ದರು. ನಾನು ವಾರವೆಲ್ಲ ರೈಲಿನಲ್ಲಿ ಬರೆದದ್ದನ್ನು ಹೇಳುತ್ತಿದ್ದೆ. ಆ ಕಡೆ ಕರ್, ಕರ್ ಅಂತ ತರಕಾರಿ ಹೆಚ್ಚುವ ಸದ್ದು. ಮೇ, ಜೂನ್, ಜುಲೈ ಕಳೆದವು. ನಾನು ಪ್ರೇಮದ ಕತೆ ಹೇಳಿದೆ, ಆಫೀಸಿನ ಕತೆ ಹೇಳಿದೆ. ಸದ್ದು ಒಂದು ಸಲವೂ ನಿಲ್ಲಲಿಲ್ಲ. ಅಮ್ಮನ ತೋಳಿನ ಕತೆಯಲ್ಲಿ ಕ್ಷಣ ತಡೆದ ಹಾಗಾಗಿ ಮತ್ತೆ ಶುರುವಾಯಿತು. "ಮತ್ತೆ ಬರಿ," ಅನ್ನುತ್ತಿದ್ದರು. ಬರೆಯುತ್ತಿದ್ದೆ. ಅವರ ಕಾದಂಬರಿ ಇದ್ದ ವಿಶೇಷಾಂಕ ಅಂಚೆಯಲ್ಲಿ ಬಂತು. ಒಂದಕ್ಷರವೂ ಬಾರದ ಪುಟಗಳನ್ನು ನಾನೂ ಕೊನೆಯವರೆಗೆ ಮಗುಚಿದೆ. ಅವತ್ತು ನಿರ್ಧಾರ ಮಾಡಿದೆ.

ಆ ಶನಿವಾರ ಫೋನ್ ಬಂದಾಗ ನನ್ನ ಕೈಯಲ್ಲಿ ಕಾಗದ ಇರಲಿಲ್ಲ.

"ಒಬ್ಬಳು ಹೆಂಗಸು, ಮಾಶಿಮಾ," ಎಂದು ಶುರು ಮಾಡಿದೆ. "ಅವಳನ್ನ ನಂಬಿ ಒಬ್ಬರು ತಮ್ಮ ನೋಟ್‌ಬುಕ್ ಕೊಟ್ರು. ನಡುವೆ ಎಲ್ಲೂ ಇಡಬೇಡ ಅಂದಿದ್ರು. ಅವಳು ಇಟ್ಟಳು. ಮಗಳ ಪುಸ್ತಕದ ಜೊತೆ ಹೋಗಲಿಲ್ಲ ಅದು. ಅರಿಶಿನದಲ್ಲಿ ಬರೆದು, ಬೇಕಂತಲೇ, ತನ್ನ ಕೈಯಾರೆ ಇಟ್ಟಳು. ಒಳ್ಳೇದಾಗಲಿ ಅಂತ."

ಸದ್ದು ನಿಂತಿತು.

ಕೋಲ್ಕತ್ತದ ಕಾಗೆ ಕೂಗುವುದು ಕೇಳಿಸಿತು, ಯಾರೋ ಬಿಂದಿಗೆ ಇಳಿಸಿದ್ದು ಕೇಳಿಸಿತು. ನಾನು ಕಾದೆ.

"ನನ್ನ ಅತ್ತೆಗೆ ಇಷ್ಟು ಹೇಳೋಕೆ ನಾನು ಅವಕಾಶಾನೇ ಕೊಟ್ಟಿರಲಿಲ್ಲ," ಅಂದರು ಕೊನೆಗೆ. "ಇದನ್ನ ಬರಿ, ಮಾ. ಹೆಸರು ಮಾತ್ರ ಹಾಕಬೇಡ. ನನ್ನದೂ ಬೇಡ, ಅವರದೂ ಬೇಡ. ಹೂಂ, ಆಮೇಲೆ ಏನು ಮಾಡಿದಳು ಅವಳು?"

ನಾನು ಮುಂದಕ್ಕೆ ಹೇಳಿದೆ. ಮುಗಿಯುವವರೆಗೂ ಆ ಕಡೆಯಿಂದ ಹೆಚ್ಚುವ ಸದ್ದು ಬರಲಿಲ್ಲ.